ನಿಮಗಿದು ಗೊತ್ತೇ? ಸಜ್ಜೆ ಬೀಜಕ್ಕೂ ಹಸಿ ಹಾಲಿನ ಉಪಚಾರ!

ಮೈಸೂರಿನ ಕಡೆ ಊಟಕ್ಕೆ ರಾಗಿ ಮುದ್ದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕೆಂದರೆ ಉತ್ತರ ಕರ್ನಾಟಕಕ್ಕೇ ಹೋಗಬೇಕು. ಆದರೆ ಸಜ್ಜೆಯನ್ನು ಕಾಡುವ ಬೂಜು ತುಪ್ಪಟ ರೋಗದ ಬೆನ್ನು ಹತ್ತಿದವರು ಯಾರು ಗೊತ್ತೇ? ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಮೇಷ್ಟ್ರುಗಳು!

ಈ ರೋಗ ತಗುಲಿದ ಗಿಡ ನೋಡಿದ್ದೀರಾ? ಎಲೆಯ ಅಡಿಯಲ್ಲಿ ಬಿಳಿ ಬೂಜು. ತೆನೆಯಲ್ಲಿ ಕಾಳಿನ ಬದಲು ಹಸಿರು ಎಲೆಗಳ ಗೊಂಚಲು! ಅದಕ್ಕೇ ಇದಕ್ಕೆ ‘ಹಸಿರು ತೆನೆ’ ಎಂಬ ಇನ್ನೊಂದು ಹೆಸರು. ಹೂವಾಗಬೇಕಾದದ್ದನ್ನು ಎಲೆಯಾಗಿಸುವ ಕಿಲಾಡಿ ರೋಗಾಣು ಇದು.

ನೋಡಲು ಶಿಲೀಂಧ್ರದ ಹಾಗೇ ಇದೆ. ಆದರೆ ನಿಜವಾದ ಶಿಲೀಂಧ್ರವೇ ಅಲ್ಲ! ಕಡಲಿನ ಕಂದು ಪಾಚಿಗೆ ದೂರದ ನೆಂಟ. ನಮ್ಮ ಮಲೆನಾಡಿನ ಅಡಿಕೆ ಕೊಳೆ ರೋಗದ ರೋಗಾಣುವೂ ಇದೇ ಬಳಗದ್ದು.

ಇನ್ನೂ ಇದೆ ಕೇಳಿ. ಇದು ಗಾಜಿನ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಜೀವಂತ ಗಿಡವೇ ಬೇಕು! ಹಾಗಾಗಿ ಸಂಶೋಧಕರು ಸಂಜೆ ಹೊತ್ತಿಗೆ ರೋಗ ತಗುಲಿದ ಎಲೆ ಕಿತ್ತು ತರುತ್ತಾರೆ. ಹಳೇ ಬೂಜನ್ನು ಒರೆಸಿ, ತೇವದಲ್ಲಿ ಇಡುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಹೊಸ ಬೂಜು ಸಿದ್ಧ! ಅದರ ಬೀಜಾಣುಗಳು ನೀರಿನ ಹನಿಗೆ ಬಿದ್ದರೆ ಎರಡು ಬಾಲ ಆಡಿಸುತ್ತಾ ಈಜುತ್ತವೆ. ಹೊಲದಲ್ಲಾದರೆ ಇಬ್ಬನಿಯೇ ಅವುಗಳ ಕೆರೆ.

ಮಾನಸಗಂಗೋತ್ರಿಯ ಪ್ರೊ. ಕೆ. ಎಂ. ಸಫೀಉಲ್ಲಾ ಅವರು ಸಜ್ಜೆ, ಜೋಳ, ರಾಗಿಯ ಬೂಜು ತುಪ್ಪಟ ರೋಗಗಳ ಬಗ್ಗೆ ಒಂದಿಡೀ ಪುಸ್ತಕವನ್ನೇ ಬರೆದರು. ಅದು ಹೊರಬಂದದ್ದು 1976ರಲ್ಲಿ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಅಲ್ಲ, ಮೈಸೂರಿನ ವೆಸ್ಲಿ ಪ್ರೆಸ್‌ನಿಂದ! ಪರದೇಶದ ವಿಜ್ಞಾನಿಗಳೂ ತಮ್ಮ ಪ್ರಬಂಧಗಳಲ್ಲಿ ಈ ಪುಸ್ತಕವನ್ನು ಹೆಸರಿಸುತ್ತಾರೆ.

ಅವರ ಜೊತೆ ದುಡಿದ ಪ್ರೊ. ಎಚ್. ಶೇಖರ ಶೆಟ್ಟಿ ಅವರ ಕಥೆ ಇನ್ನೂ ಸ್ವಾರಸ್ಯ. ರೋಗ ಬೀಜದೊಳಗೇ ಅಡಗಿ ಕೂರುತ್ತದೆಯೇ? ಇದನ್ನು ಡೆನ್ಮಾರ್ಕಿನ ಬೀಜರೋಗ ತಜ್ಞ ಪಾಲ್ ನೀರ್‌ಗಾರ್ಡ್ ಮತ್ತು ಮಾಥುರ್ ಅವರೊಂದಿಗೆ ಕೆದಕಿದರು. 1980ರಲ್ಲಿ ಪ್ರಬಂಧ ಬಂತು. ಹೌದು, ಬೀಜದಲ್ಲೇ ಸವಾರಿ ಮಾಡುತ್ತದೆ! ಸಜ್ಜೆಯೇ ಬೆಳೆಯದ ಡೆನ್ಮಾರ್ಕಿಗೂ ಸಜ್ಜೆಯ ನಂಟು ನೋಡಿ!

ಈಗ ಹಾಲಿನ ವಿಷಯ. ಹಸುವಿನ ಹಸಿ ಹಾಲಿನಿಂದ ಬೀಜೋಪಚಾರ ಮಾಡಿದರೆ ಸಜ್ಜೆ ಗಿಡದ ರೋಗನಿರೋಧಕ ಶಕ್ತಿ ಎಚ್ಚೆತ್ತುಕೊಳ್ಳುತ್ತದೆ! ಶೆಟ್ಟಿ ಅವರೂ ಇದ್ದ ತಂಡ 2011ರಲ್ಲಿ ಇದನ್ನು ಪ್ರಕಟಿಸಿತು. ಹಾಲು ಮಾತ್ರವಲ್ಲ, ಸೀಗಡಿ ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಕೂಡ ಇದೇ ಕೆಲಸ ಮಾಡುತ್ತದೆ ಎಂದು ಮೈಸೂರಿನ ಪ್ರಯೋಗಾಲಯ ತೋರಿಸಿತು. ನನಗಂತೂ ಇದೇ ಎಲ್ಲಕ್ಕಿಂತ ದೊಡ್ಡ ಬೆರಗು. ರೋಗಾಣುವನ್ನು ಕೊಲ್ಲುವ ವಿಷವಲ್ಲ ಇದು, ಗಿಡವನ್ನೇ ಜಟ್ಟಿ ಮಾಡುವ ಉಪಾಯ!

2017ರಲ್ಲಿ ಮೈಸೂರಿನ ಸಂಶೋಧಕರು ಈ ರೋಗಾಣುವಿನ ವಂಶವಾಹಿ ಲಿಪಿಯ ಕರಡನ್ನೂ ಓದಿ ಮುಗಿಸಿದರು. ಸುಮಾರು 30 ಕೋಟಿ ಅಕ್ಷರ! ಮನುಷ್ಯನದು ಸುಮಾರು 300 ಕೋಟಿ. ಕಣ್ಣಿಗೆ ಕಾಣದ ಜೀವಿಗೆ ನಮ್ಮ ಹತ್ತನೇ ಒಂದು ಪಾಲು!

ರಾಗಿಗೂ ಇಂಥದೇ ಹಸಿರು ತೆನೆ ರೋಗವಿದೆ. ಅದರ ರೋಗಾಣುವಿಗೆ 1953ರಲ್ಲಿ ‘ಸ್ಕ್ಲೆರಾಫ್ತೊರಾ’ ಎಂಬ ಹೊಸ ಕುಲವನ್ನೇ ಕಟ್ಟಿಕೊಟ್ಟವರಲ್ಲಿ ವಿಜ್ಞಾನಿಗಳಾದ ಎಂ. ಜೆ. ತಿರುಮಲಾಚಾರ್, ಎಂ. ಜೆ. ನರಸಿಂಹನ್ ಇದ್ದರು. ಇದೇ ತಿರುಮಲಾಚಾರ್ ಮುಂದೆ ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ‘ಹ್ಯಾಮೈಸಿನ್’ ಎಂಬ ಮದ್ದನ್ನು ಕಂಡುಹಿಡಿಯುವುದರಲ್ಲಿ ಮುಂದಾಳಾದರು. ರಾಗಿಯ ರೋಗ ನೋಡಿದ ಕಣ್ಣೇ ಮನುಷ್ಯರ ಶಿಲೀಂಧ್ರ ಸೋಂಕಿಗೂ ಮದ್ದು ಹುಡುಕಿತು!

ಸಜ್ಜೆ ಬೆಳೆಯುವವರು ಒಂದು ಮಾತು ಕೇಳಿ. ಬೂಜು ತುಪ್ಪಟ ರೋಗದ ಗಟ್ಟಿ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಹೊಲದಲ್ಲಿ ಹಸಿರು ತೆನೆ ಕಂಡರೆ ಒಣಗುವವರೆಗೆ ಬಿಡಬೇಡಿ. ಆಗಲೇ ಬುಡಸಮೇತ ಕಿತ್ತು ಸುಟ್ಟುಬಿಡಿ!