ಹಳೆಯ ಗಾಡಿಯ ಬೀಸಣಿಗೆಗೆ ಒಂದು ಕಾವಲು

ತಾಳವಾಡಿ ಸೀಮೆಯ ರೈತ ಬಾಂಧವರಿಗೆ ದಿಂಬಂ ಘಾಟಿಯನ್ನು ವರ್ಣಿಸಬೇಕಾದ ಅಗತ್ಯವಿಲ್ಲ. ಕೋಸು ಇಳಿಸಿ, ಗೊಬ್ಬರ ತುಂಬಿಕೊಂಡು ಬಣ್ಣಾರಿಯಿಂದ ಮೇಲೇರುವ ಹಳೆಯ ಗಾಡಿಗೆ ಆ 27 ತಿರುವುಗಳಲ್ಲಿ ಏದುಸಿರು ಹತ್ತುತ್ತದೆ. ಇಂಜಿನ್ ಕುದಿಯಿತೆಂದು ಇಳಿದು ಮರದ ನೆರಳಿನಲ್ಲಿ ಕೂರುವಂತೆಯೂ ಇಲ್ಲ. ಅದು ಆನೆಯ ಕಾಡು. ಹೆಡ್ ಗ್ಯಾಸ್ಕೆಟ್ ಹೋಯಿತೆಂದರೆ ಆ ಬೆಳೆಯ ಲಾಭವೆಲ್ಲ ವರ್ಕ್‌ಶಾಪಿನ ಪಾಲೆಂದೇ ತಿಳಿಯಬೇಕು.

ಬಯಲಿನಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಏರಿನಲ್ಲಿ ವೇಗ ಕಡಿಮೆ, ಕಾವು ಹೆಚ್ಚು. ಆಗ ವಿದ್ಯುತ್ ಬೀಸಣಿಗೆಯೊಂದೇ ಗತಿ. ಅದನ್ನು ಎಬ್ಬಿಸತಕ್ಕ ಉಷ್ಣದ ಸ್ವಿಚ್ಚು ಕೆಟ್ಟಾಗ ಚಾಲಕನ ಕೈಯ ಬಳಿ ಬರಿಯ ಗುಂಡಿಯೊಂದನ್ನು ಕೂರಿಸಿಕೊಡುವ ರೂಢಿಯುಂಟು. ನಾನೂ ಹಾಗೆಯೇ ಮಾಡಿ, ರಾತ್ರಿ ಆರಿಸಲು ಮರೆತು, ಬೆಳಿಗ್ಗೆ ಸತ್ತ ಬ್ಯಾಟರಿಯೊಡನೆ ಗಾಡಿ ತಳ್ಳಿದವನು. ಹಾಕಲು ಮರೆತಿದ್ದರೆ ಇನ್ನೂ ಕೇಡು. ಮೊದಲು ಹೊಸ ಉಷ್ಣದ ಸ್ವಿಚ್ಚನ್ನೇ ಹಾಕಿಸಿರಿ. ಆದರೆ ಅದು ಒಂದೇ ಕಾವಿಗೆ ಕಟ್ಟುಬಿದ್ದದ್ದು. ಅದರ ಜೊತೆಗೆ, ನಮಗೆ ಬೇಕಾದ ಡಿಗ್ರಿಗೆ ಏಳುವ ಇನ್ನೊಂದು ಕಾವಲನ್ನು ಸ್ವಲ್ಪ ಖರ್ಚಿನಲ್ಲಿ ಮನೆಯಲ್ಲೇ ಕಟ್ಟಬಹುದು.

ಇದರ ಜೀವಾಳ ಥರ್ಮಿಸ್ಟರ್ ಎಂಬ ಸಣ್ಣ ಮಣಿ. 25 ಡಿಗ್ರಿಯಲ್ಲಿ 10,000 ಓಮ್ ಇರುವ ಇದರ ತಡೆ, 90 ಡಿಗ್ರಿಯಲ್ಲಿ ಸುಮಾರು 900 ಓಮಿಗೆ ಇಳಿಯುತ್ತದೆ. ಇದನ್ನು ಇಂಜಿನ್ನಿನಿಂದ ಬಿಸಿನೀರು ಹೊರಬರುವ ಕಡೆಯ ಲೋಹಕ್ಕೆ ಒತ್ತಿ ಕಟ್ಟಬೇಕು. ಎಲ್.ಎಂ. 393 ಎಂಬ ಚಿಪ್ಪು ಇಲ್ಲಿ ತಕ್ಕಡಿಯ ಕೆಲಸ ಮಾಡುತ್ತದೆ: ಒಂದು ತಟ್ಟೆಯಲ್ಲಿ ಥರ್ಮಿಸ್ಟರಿನ ವೋಲ್ಟೇಜು, ಇನ್ನೊಂದರಲ್ಲಿ ನಾವು ತಿರುಪಿ ನಿಲ್ಲಿಸಿದ ವೋಲ್ಟೇಜು. ಕಾವು ಮೀರಿತೆಂದರೆ ತಕ್ಕಡಿ ವಾಲಿ, ಟ್ರಾನ್ಸಿಸ್ಟರಿನ ಮೂಲಕ ರಿಲೇಯನ್ನು ಎಳೆಯುತ್ತದೆ. ಎರಡು ತಟ್ಟೆಗೂ ಒಂದೇ ಬ್ಯಾಟರಿಯ ವೋಲ್ಟೇಜನ್ನು ಹಂಚಿಕೊಟ್ಟರೆ, ಅದು 12 ಇದ್ದರೂ 14 ಇದ್ದರೂ ತೂಕ ಕೆಡುವುದಿಲ್ಲ. ತಕ್ಕಡಿಯ ಹೊರದಾರಿಯಿಂದ ನಾವು ನಿಲ್ಲಿಸಿದ ತಟ್ಟೆಗೆ ದೊಡ್ಡ ತಡೆಯೊಂದನ್ನು ಹಿಂದಕ್ಕೆ ಕೂಡಿಸಬೇಕು. ಆಗ 95 ಡಿಗ್ರಿಗೆ ಎದ್ದ ಬೀಸಣಿಗೆ 90ಕ್ಕೆ ಇಳಿಯುವ ತನಕ ನಿಲ್ಲದು; ಇಲ್ಲವಾದರೆ ರಿಲೇ ಕಟಕಟನೆ ಬಡಿದುಕೊಂಡು ಸುಟ್ಟೀತು. ಬಹಳ ಗಾಡಿಗಳಲ್ಲಿ ಥರ್ಮೋಸ್ಟಾಟ್ ತೆರೆಯುವುದೇ 82 ಡಿಗ್ರಿಗೆ. ಬೀಸಣಿಗೆಯನ್ನು ಅದಕ್ಕಿಂತ ಕೆಳಗೆ ಇಟ್ಟರೆ ಅದು ನಿಲ್ಲುವುದೇ ಇಲ್ಲ.

ಈಗ ಮುಖ್ಯವಾದ ಮಾತು. ಥರ್ಮಿಸ್ಟರಿನ ತಂತಿ ಕಿತ್ತುಹೋದರೆ ತಕ್ಕಡಿಗೆ ಅದು ತಣ್ಣನೆಯ ಇಂಜಿನ್ನಿನಂತೆ ಕಾಣುತ್ತದೆ. ಬೀಸಣಿಗೆ ಏಳದು, ಇಂಜಿನ್ ಬೇಯುತ್ತದೆ. ಕುಲುಕುವ ಗಾಡಿಯಲ್ಲಿ ತಂತಿ ಕೀಳುವುದು ಏನೂ ಅಪೂರ್ವವಲ್ಲ. ಆದುದರಿಂದ ಉಷ್ಣದ ಸ್ವಿಚ್ಚನ್ನು ತೆಗೆಯದೆ ಹೊಸ ಟ್ರಾನ್ಸಿಸ್ಟರಿಗೆ ಸಮಾಂತರವಾಗಿ ಇರಿಸಿರಿ. ಎರಡರಲ್ಲಿ ಯಾವುದು ಕೂಗಿದರೂ ರಿಲೇ ಏಳಬೇಕು. ಅದೇ ಚಿಪ್ಪಿನಲ್ಲಿ ಎರಡನೆಯ ತಕ್ಕಡಿಯೊಂದು ಸುಮ್ಮನೆ ಬಿದ್ದಿರುತ್ತದೆ. ನಮ್ಮ ಸೀಮೆ ಎಂದೂ ಕಾಣದ ಹಿಮದ ಚಳಿಯನ್ನು ಥರ್ಮಿಸ್ಟರ್ ತೋರಿಸಿತೆಂದರೆ ತಂತಿ ಕಿತ್ತಿದೆಯೆಂದೇ ಅರ್ಥ. ಆಗ ಬೇರೊಂದು ಟ್ರಾನ್ಸಿಸ್ಟರಿನಿಂದ ಬೀಸಣಿಗೆಯನ್ನು ಎಬ್ಬಿಸಲು ಅದನ್ನು ದುಡಿಸಬಹುದು.

ಚಿಕ್ಕ ಗಾಡಿಯ ಬೀಸಣಿಗೆ ಸುಮಾರು 10 ಆಂಪಿಯರ್ ಎಳೆಯುವುದರಿಂದ 30 ಆಂಪಿಯರಿನ ರಿಲೇ, ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಜು ಇರತಕ್ಕದ್ದು. ರಿಲೇಯ ಸುರುಳಿಗೆ ಅಡ್ಡವಾಗಿ ಡಯೋಡ್ ಇಡದಿದ್ದರೆ ಟ್ರಾನ್ಸಿಸ್ಟರ್ ಸಾಯುತ್ತದೆ. ಸುರುಳಿಗೂ ಚಿಪ್ಪಿಗೂ ವಿದ್ಯುತ್ತು ಕೀಲಿ ತಿರುಗಿಸಿದಾಗ ಮಾತ್ರ ಬರುವಂತಿರಲಿ. ಹೊಸ ಮಾದರಿಯ ಗಾಡಿಗಳಲ್ಲಿ ಬೀಸಣಿಗೆಯನ್ನು ಆಳುವುದು ಗಾಡಿಯದೇ ಕಂಪ್ಯೂಟರ್. ಅದರ ತಂಟೆಗೆ ಹೋಗಬೇಡಿರಿ.

ಗಾಡಿಗೆ ಕೂರಿಸುವ ಮೊದಲು ಥರ್ಮಿಸ್ಟರನ್ನು ನೀರು ತಾಗದಂತೆ ಸುತ್ತಿ, ಉಷ್ಣಮಾಪಕದೊಡನೆ ಬಿಸಿನೀರಿನ ಪಾತ್ರೆಗಿಳಿಸಿ, ರಿಲೇ ಟಕ್ಕೆನ್ನುವ ಡಿಗ್ರಿಯನ್ನು ನೋಡಿ ತಿರುಪು ಸರಿಪಡಿಸಿರಿ. ನೀರು ಕುದಿಯಿತು, 100 ಆಯಿತು ಎಂದು ಲೆಕ್ಕ ಹಾಕಬೇಡಿರಿ. 900 ಮೀಟರ್ ಎತ್ತರದ ಊರಿನಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ.