ಚಿತ್ರದ ಕೆಳಗೆ ತಾರೀಖು ಬರೆಯಿರಿ

ಕೆಂಪುಕೋಟೆಯ ಮೇಲೆ ತ್ರಿವರ್ಣ ಧ್ವಜ, ಎದುರಿನ ಬಯಲಿನಲ್ಲಿ ಕಿಕ್ಕಿರಿದ ಜನ. ಸ್ವಾತಂತ್ರ್ಯದ ಪಾಠ ಬಂದಾಗಲೆಲ್ಲ ಕಣ್ಣಿಗೆ ಬೀಳುವ ಕಪ್ಪು-ಬಿಳುಪು ಚಿತ್ರವಿದು. ಯಾವತ್ತಿನದು ಎಂದು ಕೇಳಿದರೆ ಹೆಚ್ಚಿನವರು ಹಿಂದೆಮುಂದೆ ನೋಡದೆ ಆಗಸ್ಟ್ 15 ಎನ್ನುತ್ತಾರೆ. ಆದರೆ 1947ರಲ್ಲಿ ನೆಹರೂ ಕೆಂಪುಕೋಟೆಯಲ್ಲಿ ಧ್ವಜ ಹಾರಿಸಿದ್ದು ಆಗಸ್ಟ್ 16ರಂದು. ಹಿಂದಿನ ದಿನ ಸಂಜೆ ಧ್ವಜ ಏರಿದ್ದು ಇಂಡಿಯಾ ಗೇಟ್ ಬಳಿಯ ಪ್ರಿನ್ಸೆಸ್ ಪಾರ್ಕ್‌ನಲ್ಲಿ.

ಒಂದು ದಿನ ಆಚೀಚೆ ಆದರೆ ಏನಾಯಿತು ಎಂದು ಯಾರಾದರೂ ಕೇಳಬಹುದು. ಚಿತ್ರವನ್ನು ನಾವು ನೋಡುವುದೇ ಇಲ್ಲ, ಗುರುತು ಹಿಡಿದು ಪುಟ ಮಗುಚುತ್ತೇವೆ ಎಂಬುದಕ್ಕೆ ಈ ಒಂದು ದಿನವೇ ಸಾಕ್ಷಿ. ಸಮಾಜ ವಿಜ್ಞಾನದ ಪುಸ್ತಕಗಳಲ್ಲಿ ಚಿತ್ರಕ್ಕೆ ಸಿಕ್ಕಿರುವುದು ಪಾಠದ ಮಧ್ಯೆ ಖಾಲಿ ಜಾಗ ತುಂಬುವ ಕೆಲಸ. ಕೆಳಗೆ ನಾಯಕರ ಹೆಸರಿದ್ದರೆ ಪುಣ್ಯ. ಯಾರು ತೆಗೆದರು, ಎಲ್ಲಿ, ಯಾವಾಗ ಎಂಬ ವಿವರ ಸಿಗುವುದು ಅಪರೂಪ.

ಹೋಮಾಯಿ ವ್ಯಾರಾವಾಲಾ ಅವರನ್ನೇ ನೋಡಿ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಈ ಪಾರ್ಸಿ ಮಹಿಳೆ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. 1942ರಲ್ಲಿ ದೆಹಲಿಗೆ ಬಂದವರು ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಗಂಡಸರೇ ತುಂಬಿದ್ದ ಕಸುಬಿನಲ್ಲಿ ದಶಕಗಳ ಕಾಲ ದುಡಿದರು. ಕೆಂಪುಕೋಟೆಯ ಆ ಮೊದಲ ಧ್ವಜಾರೋಹಣಕ್ಕೂ ಅವರ ಕ್ಯಾಮೆರಾ ಸಾಕ್ಷಿಯಾಗಿತ್ತು. ಅವರ ಇನ್ನೊಂದು ಚಿತ್ರ 1947ರ ಜೂನ್ ತಿಂಗಳದ್ದು: ಕಾಂಗ್ರೆಸ್ ನಾಯಕರು ದೇಶ ವಿಭಜನೆಯ ಪರವಾಗಿ ಕೈಯೆತ್ತಿರುವ ದೃಶ್ಯ. ವಿಭಜನೆ ಎಂದರೆ ಭೂಪಟದ ಮೇಲಿನ ಗೆರೆ ಎಂದುಕೊಂಡ ಹುಡುಗನಿಗೆ, ಅದನ್ನು ಒಪ್ಪಿದ್ದು ಒಂದು ಕೋಣೆಯಲ್ಲಿ ಕುಳಿತ ಮನುಷ್ಯರು ಎಂದು ಈ ಚಿತ್ರ ಹೇಳುತ್ತದೆ. ಎರಡು ಪುಟದ ಪಾಠಕ್ಕೆ ಆ ಬಲವಿಲ್ಲ.

ಇನ್ನು ಸಂವಿಧಾನದ ಮೂಲ ಪ್ರತಿ. ಮಕ್ಕಳ ಮುಂದಿಡಲು ಇದಕ್ಕಿಂತ ಒಳ್ಳೆಯ ಚಿತ್ರಪುಸ್ತಕ ನನಗೆ ಗೊತ್ತಿಲ್ಲ. ಇಂಗ್ಲಿಷ್ ಪ್ರತಿಯನ್ನು ಆದಿಯಿಂದ ಅಂತ್ಯದವರೆಗೆ ಕೈಯಲ್ಲಿ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದ್ದು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಮೊದಲ ಭಾಗಕ್ಕೆ ಮೊಹೆಂಜೊದಾರೋದ ಗೂಳಿಯ ಮುದ್ರೆ. ಮೂಲಭೂತ ಹಕ್ಕುಗಳ ಭಾಗಕ್ಕೆ ರಾಮ, ಸೀತೆ, ಲಕ್ಷ್ಮಣರು. ಮುಂದೆ ದಂಡಿಗೆ ಹೊರಟ ಗಾಂಧೀಜಿ. ಹದಿನಾರನೇ ಭಾಗಕ್ಕೆ ಬಂದರೆ ಝಾನ್ಸಿಯ ಲಕ್ಷ್ಮೀಬಾಯಿಯೊಂದಿಗೆ ನಮ್ಮ ಟಿಪ್ಪು ಸುಲ್ತಾನ್. ಗಣರಾಜ್ಯ ತನ್ನ ಹಿಂದಿನವರು ಎಂದು ಯಾರನ್ನೆಲ್ಲ ಒಪ್ಪಿಕೊಂಡಿತು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಯಾರು ಬಿಟ್ಟುಹೋಗಿದ್ದಾರೆ ಎಂದೂ ಕೇಳಿ. ಮಕ್ಕಳು ವಾದ ಮಾಡಲಿ, ಜಗಳವನ್ನೇ ಆಡಲಿ.

ರಾಜ್ಯದ ಶಾಲೆಗಳಲ್ಲಿ ಈಗ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಬಾಯಿಪಾಠ ಆಗಿರುವ ಅದೇ ಮಕ್ಕಳಿಗೆ ಮೂಲ ಪ್ರತಿಯ ಪೀಠಿಕೆಯ ಪುಟ ತೋರಿಸಿ, ತಾವು ಹೇಳುವುದರೊಂದಿಗೆ ಸಾಲುಸಾಲಾಗಿ ಹೋಲಿಸಲು ಹೇಳಬೇಕು. ‘ಸಮಾಜವಾದಿ’, ‘ಜಾತ್ಯತೀತ’, ‘ಅಖಂಡತೆ’ ಅಲ್ಲಿಲ್ಲ. 1976ರಲ್ಲಿ 42ನೇ ತಿದ್ದುಪಡಿಯಿಂದ ಅವು ಸೇರಿದವು. ತಿದ್ದುಪಡಿ ಎಂದರೇನು ಎಂಬ ಪಾಠಕ್ಕೆ ಬೇರೆ ಪೀಠಿಕೆ ಬೇಕಿಲ್ಲ.

ಸಹಿಗಳ ಪುಟದ ಮೇಲೆ ಇಡೀ ಒಂದು ಪೀರಿಯಡ್ ಕಳೆಯಬಹುದು. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು, ಸಂವಿಧಾನ ಸಭೆಯ ಸದಸ್ಯರು ಸಹಿ ಹಾಕಿದ್ದು 1950ರ ಜನವರಿ 24ರಂದು, ಜಾರಿಗೆ ಬಂದದ್ದು ಅದಾಗಿ ಎರಡು ದಿನಕ್ಕೆ. ಸಹಿ ಮಾಡಿದವರು 284 ಮಂದಿ. ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರ ಸಹಿ ಅಕ್ಷರಗಳ ಸಾಲಿಗೂ ನೆಹರೂ ಸಹಿಗೂ ನಡುವಿನ ಇಕ್ಕಟ್ಟಿನಲ್ಲಿ ಓರೆಯಾಗಿ ಕೂತಿದೆ. ಮಕ್ಕಳು ಇದನ್ನು ಗಮನಿಸದೆ ಬಿಡುವುದಿಲ್ಲ, ಯಾಕೆ ಹೀಗೆ ಎಂದು ಕೇಳದೆಯೂ ಬಿಡುವುದಿಲ್ಲ. ಮೈಸೂರಿನ ಪ್ರತಿನಿಧಿಗಳಾಗಿ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ ಸಭೆಯಲ್ಲಿದ್ದರು. ಅವರ ಸಹಿ ಎಲ್ಲಿದೆ ಹುಡುಕಲಿ. ಸಂವಿಧಾನ ಸಭೆಯಲ್ಲಿ 15 ಮಂದಿ ಮಹಿಳೆಯರಿದ್ದರು. ಕೇರಳದ ದಾಕ್ಷಾಯಣಿ ವೇಲಾಯುಧನ್ ಅವರಲ್ಲಿ ಏಕೈಕ ದಲಿತ ಮಹಿಳೆ. ಸಭೆಯ ಗುಂಪು ಚಿತ್ರ ಸಿಕ್ಕರೆ ಅವರಲ್ಲಿ ಯಾರು ಯಾರನ್ನು ಗುರುತಿಸಬಹುದು ಎಂದು ನೋಡಿ. ಎಷ್ಟೋ ಪದವೀಧರರಿಗೂ ಒಬ್ಬರ ಹೆಸರೂ ಹೊಳೆಯುವುದಿಲ್ಲ. ಇದು ನೋವಿನ ವಿಷಯ.

ಕೆಂಪುಕೋಟೆಯ ಚಿತ್ರ ಹೇಳದಿರುವ ಮಾತೂ ಒಂದಿದೆ. ಆ ದಿನ ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಅವು ಬಿಡುಗಡೆ ಕಂಡದ್ದು 1948ರ ಸೆಪ್ಟೆಂಬರ್ 17ರಂದು. ಇತ್ತ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ನಡೆಯಬೇಕಾಯಿತು. ಹಾಗಾಗಿ ರಾಯಚೂರಿನ ತರಗತಿಯಲ್ಲೂ ಚಾಮರಾಜನಗರದ ತರಗತಿಯಲ್ಲೂ ಈ ಒಂದೇ ಚಿತ್ರ ಹುಟ್ಟಿಸುವ ಪ್ರಶ್ನೆಗೆ ಉತ್ತರ ಒಂದೇ ಆಗಿರದು. ಈ ಬಾವುಟ ಏರಿದ ದಿನ ನಮ್ಮ ಊರಿನಲ್ಲಿ ಯಾರ ಆಡಳಿತವಿತ್ತು? ಉತ್ತರಕ್ಕೆ ಮಕ್ಕಳು ಮನೆಯ ಹಿರಿಯರ ಬಳಿ ಹೋಗಬೇಕು. ಆ ಕಾಲ ಕಂಡವರು ಊರಿಗೊಬ್ಬರೋ ಇಬ್ಬರೋ ಉಳಿದಿದ್ದಾರೆ, ತಡಮಾಡುವಂತಿಲ್ಲ.

ಇದಕ್ಕೆಲ್ಲ ಸ್ಮಾರ್ಟ್ ಕ್ಲಾಸ್ ಬೇಕೆಂದೇನಿಲ್ಲ. ಸಂವಿಧಾನದ ಮೂಲ ಪ್ರತಿಯ ಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೇಷ್ಟರ ಮೊಬೈಲು, ನಾಲ್ಕು ಬಣ್ಣದ ಪ್ರಿಂಟು ಸಾಕು. ಮೊದಲು ಅಡಿಬರಹ ಮುಚ್ಚಿ. ಕಂಡದ್ದನ್ನಷ್ಟೇ ಹೇಳಲಿ, ಊಹೆ ಆಮೇಲೆ. ಕೊನೆಗೆ ಅಡಿಬರಹ ತೆರೆದು ಎರಡನ್ನೂ ಹೋಲಿಸಿ.

ಪಠ್ಯಪುಸ್ತಕ ರಚಿಸುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದಿನ ಮುದ್ರಣದಲ್ಲಿ ಪ್ರತಿ ಚಿತ್ರದ ಕೆಳಗೆ ತಾರೀಖು, ಸ್ಥಳ ಮತ್ತು ಚಿತ್ರ ತೆಗೆದವರ ಹೆಸರು ಹಾಕಿ. ಕೆಂಪುಕೋಟೆಯ ಚಿತ್ರದಿಂದಲೇ ಶುರುಮಾಡಿ.