ಕಾಲಿಂದ ಎದೆಗೆ ಮರಳುವ ದಾರಿ

ಕೋಲಾರದ ಶತಶೃಂಗ ಬೆಟ್ಟದಲ್ಲಿ ಚಳಿಗಾಲದ ಓತಿಕ್ಯಾತಗಳನ್ನು ನೋಡಬೇಕಾದರೆ ಬಿಸಿಲಿಗೆ ಮುಂಚೆಯೇ ಹೋಗಿ ಕೂತಿರಬೇಕು. ಅಂತರಗಂಗೆಯ ಮೆಟ್ಟಿಲು ಹತ್ತಿ, ಕಲ್ಲುಬಸವನ ಬಾಯಿಂದ ನೀರು ಬೀಳುವ ಕೊಳ ದಾಟಿ ತೇರಹಳ್ಳಿಯ ಕಡೆ ನಡೆದರೆ ಆಳೆತ್ತರದ ಗುಂಡುಗಳು ಸಿಗುತ್ತವೆ. ಅವುಗಳ ಸಂದಿಯಿಂದ ಹೊರಬಂದ ಓತಿ ಮೊದಲಿಗೆ ಕಲ್ಲಿಗೆ ಹೊಟ್ಟೆ ಅಂಟಿಸಿಕೊಂಡು ಬಿದ್ದಿರುತ್ತದೆ. ಹತ್ತಿರ ಹೋದರೂ ಓಡುವ ಚುರುಕಿಲ್ಲ. ಇಂಥ ಪ್ರಾಣಿಗಳ ಎದೆಬಡಿತ ಮೈಯ ಕಾವಿನ ಜೊತೆಗೇ ಏರಿಳಿಯುತ್ತದೆ. ಕಾವು 10 ಡಿಗ್ರಿ ಇಳಿದರೆ ಬಡಿತ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಬಿಸಿಲು ಬಂಡೆಯನ್ನು ಕಾಯಿಸಿದ ಮೇಲೆ ಅದೇ ಓತಿ ತಲೆಯೆತ್ತುತ್ತದೆ, ಮುಂಗಾಲೂರಿ ದಂಡ ಹೊಡೆಯತೊಡಗುತ್ತದೆ. ಮುಂಜಾವಿನ ನಿಧಾನ ಬಡಿತ ಅದಕ್ಕೆ ರೋಗವಲ್ಲ. ಆ ಹೊತ್ತಿನ ಬದುಕಿಗೆ ಅಷ್ಟು ಸಾಕು.

ಮನುಷ್ಯರಲ್ಲೂ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ಕ್ಕಿಂತ ಕಡಿಮೆ ಬಡಿದರೆ ವೈದ್ಯರು ಅದನ್ನು ನಿಧಾನವೆಂದು ಗುರುತಿಸುತ್ತಾರೆ. ಆದರೆ ದಿನವೂ ಓಡುವವರಲ್ಲಿ, ಗಾಢ ನಿದ್ದೆಯಲ್ಲಿ ಅದು 50ರ ಕೆಳಗೂ ಹೋಗಬಹುದು, ಏನೂ ಕೆಡುವುದಿಲ್ಲ. ಹಾಗಾಗಿ ಸಂಖ್ಯೆಯೊಂದನ್ನೇ ಹಿಡಿದು ನಾನು ಯಾರನ್ನೂ ಹೆದರಿಸುವುದಿಲ್ಲ. ನನ್ನ ಕಣ್ಣು ಇರುವುದು ಎದ್ದು ನಿಲ್ಲುವ ಆ ಗಳಿಗೆಯ ಮೇಲೆ.

ಅದನ್ನು ನೋಡಲು ಮುಳಬಾಗಿಲಿನ ಟೊಮೆಟೊ ತೋಟಕ್ಕಿಂತ ಒಳ್ಳೆಯ ಜಾಗ ಇಲ್ಲ. ನೀಲಗಿರಿ ಕಡ್ಡಿ ನೆಟ್ಟು ದಾರ ಎಳೆದ ಸಾಲುಗಳ ನಡುವೆ ಹೆಂಗಸರು ಕುಕ್ಕರಗಾಲಲ್ಲಿ ಕೂತು ಬುಡದ ಹಣ್ಣು ಬಿಡಿಸುತ್ತಾರೆ. ಬಾಕ್ಸ್ ತುಂಬಿದೊಡನೆ ಎದ್ದು ಬದುವಿಗೆ ಹೊರಬೇಕು. ಗಮನವಿಟ್ಟು ನೋಡಿ: ಎದ್ದ ಕೂಡಲೇ ಹೆಜ್ಜೆ ಇಡದೆ, ಕಡ್ಡಿಯೊಂದನ್ನು ಹಿಡಿದು ತುಸು ಹೊತ್ತು ಹಾಗೇ ನಿಲ್ಲುವವರು ಪ್ರತಿ ಸಾಲಿನಲ್ಲೂ ಇರುತ್ತಾರೆ.

"ಯಾಕಕ್ಕಾ, ನಿಂತುಬಿಟ್ರಿ?" ಎಂದು ಒಬ್ಬರನ್ನು ಕೇಳಿದೆ.

"ಏಳ್ತಿದ್ದಂಗೆ ಕಣ್ಣು ಕತ್ತಲೆ ಬರ್ತದಣ್ಣ. ಆಮೇಲೆ ಸರಿಹೋಗ್ತದೆ. ಬಿಸಿಲಲ್ವಾ?"

ಬಿಸಿಲು ಹೌದು, ಆದರೆ ಬಿಸಿಲು ಮಾತ್ರವಲ್ಲ. ಕುಕ್ಕರಗಾಲಲ್ಲಿ ಕೂತಾಗ ತೊಡೆ, ಮೀನಖಂಡಗಳ ರಕ್ತನಾಳಗಳು ಒತ್ತಿಹೋಗಿರುತ್ತವೆ. ಎದ್ದೊಡನೆ ಅವು ಸಡಿಲವಾಗಿ, ಅರ್ಧ ಲೀಟರಿಗೂ ಮೇಲ್ಪಟ್ಟ ರಕ್ತ ಹೊಟ್ಟೆಗೂ ಕಾಲುಗಳಿಗೂ ಇಳಿಯುತ್ತದೆ. ಎದೆಗೆ ಮರಳುವ ರಕ್ತ ಕಡಿಮೆಯಾದರೆ ಎದೆ ಮಿದುಳಿಗೆ ಕಳಿಸುವುದೂ ಕಡಿಮೆಯಾಗಲೇಬೇಕು. ಕುತ್ತಿಗೆಯ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಅವು ಕ್ಷಣಾರ್ಧದಲ್ಲಿ ಸುದ್ದಿ ಮುಟ್ಟಿಸುತ್ತವೆ. ಎದೆ ವೇಗವಾಗುತ್ತದೆ, ಕಾಲಿನ ರಕ್ತನಾಳಗಳು ಬಿಗಿಯುತ್ತವೆ. ಅರ್ಧ ನಿಮಿಷದೊಳಗೆ ಒತ್ತಡ ಮತ್ತೆ ಸಮಕ್ಕೆ ಬರಬೇಕು. ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಈ ಕೆಲಸ ತಡವಾಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಬಯಲುಸೀಮೆಯಲ್ಲಿ ಕೆಲಸದ ಜಾಗಕ್ಕೆ ಕುಡಿಯುವ ನೀರನ್ನು ಹೊತ್ತೇ ತರಬೇಕು. ಮರೆಗೆ ಹೋಗಲು ಜಾಗವಿಲ್ಲವೆಂದು ನೀರನ್ನೇ ಕಡಿಮೆ ಕುಡಿಯುವ ಹೆಂಗಸರನ್ನೂ ನೋಡಿದ್ದೇನೆ. ಅವರ ತಲೆಸುತ್ತಿಗೆ ಮದ್ದು ಔಷಧದ ಅಂಗಡಿಯಲ್ಲಿಲ್ಲ, ತೋಟದ ಮೂಲೆಯಲ್ಲೊಂದು ಶೌಚಾಲಯ ಕಟ್ಟುವುದರಲ್ಲಿದೆ.

ರಕ್ತವನ್ನು ಕೆಳಗೆಳೆಯುವ ಇದೇ ಭೂಮಿಯ ಸೆಳೆತವನ್ನು ಉಳಿದ ಜೀವಿಗಳು ಹೇಗೆ ನಿಭಾಯಿಸುತ್ತವೆ ಎಂದು ನೋಡುತ್ತಾ ಹೋಗುವುದು ನನಗೆ ಬಹಳ ಇಷ್ಟದ ಕೆಲಸ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಹಸಿರು ಹಾವು ನೆಟ್ಟಗೆ ಕೊಂಬೆ ಹತ್ತುವುದನ್ನು ನೋಡಬಹುದು. ಅಷ್ಟುದ್ದದ ಸಪೂರ ಮೈ ಲಂಬವಾಗಿ ನಿಂತರೆ ರಕ್ತವೆಲ್ಲ ಬಾಲಕ್ಕಿಳಿಯಬೇಕಿತ್ತು. ಇಳಿಯುವುದಿಲ್ಲ. ಮರ ಹತ್ತುವ ಹಾವುಗಳ ಹೃದಯ ತಲೆಗೆ ಹತ್ತಿರದಲ್ಲಿರುತ್ತದೆ, ಬಾಲದ ಕಡೆಯ ಚರ್ಮ ಮೈಗೆ ಬಿಗಿಯಾಗಿ ಕೂತಿರುತ್ತದೆ. ನೀರಿನಲ್ಲೇ ಬಾಳುವ ಸಮುದ್ರದ ಹಾವುಗಳ ಹೃದಯ ಮೈಯ ನಡುಭಾಗದ ಕಡೆಗಿರುತ್ತದೆ. ನೀರಿನ ಆಸರೆ ಇರುವಲ್ಲಿ ಅದರಿಂದ ತೊಂದರೆಯಿಲ್ಲ. ಅಂಥ ಹಾವನ್ನು ನೆಲದ ಮೇಲೆ ತಲೆ ಮೇಲಾಗಿ ಹಿಡಿದರೆ ಮಿದುಳಿಗೆ ರಕ್ತ ಸಾಲುವುದಿಲ್ಲ. ಅಮೆರಿಕದ ಹಾರ್ವಿ ಲಿಲಿವೈಟ್ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಹನುಮನಹಳ್ಳಿಯ ಬಾವಲಿ. ಕೋಲಾರದ ಎಲೆಮೂಗಿನ ಬಾವಲಿಯನ್ನು 1994ರಲ್ಲಿ ಡೀಟರ್ ಕಾಕ್ ಮತ್ತು ಎಚ್.ಆರ್. ಭಟ್ ಹೊಸ ಪ್ರಭೇದವೆಂದು ವಿವರಿಸಿದರು. ಒಂದು ಕಾಲಕ್ಕೆ ತೇರಹಳ್ಳಿಯಲ್ಲೂ ಇತ್ತು. ಈಗ ಇಡೀ ಲೋಕದಲ್ಲಿ ಅದಕ್ಕೆ ಉಳಿದಿರುವ ನೆಲೆಯೆಂದು ಗೊತ್ತಿರುವುದು ಹನುಮನಹಳ್ಳಿಯ ಬಂಡೆಗವಿಯೊಂದೇ, ಇರುವುದು ಇನ್ನೂರರೊಳಗೆ. ಸುತ್ತಲ ಕಲ್ಲುಗಣಿಗಾರಿಕೆ ಅದರ ಬದುಕನ್ನು ಅಂಚಿಗೆ ತಳ್ಳಿತು. ಗವಿಯೊಳಗೆ ಹೋಗುವ ಆಸೆಯನ್ನು ಯಾರೂ ಇಟ್ಟುಕೊಳ್ಳಬಾರದು. ಮುಸ್ಸಂಜೆ ದೂರದಲ್ಲಿ ಕೂತು, ಅವು ಒಂದೊಂದಾಗಿ ಹೊರಬೀಳುವುದನ್ನು ಕಂಡರೆ ಅದೇ ಭಾಗ್ಯ.

ಹಗಲೆಲ್ಲ ತಲೆಕೆಳಗಾಗಿ ತೂಗುವ ಈ ಕುಲದ ಕಾಲಿನ ಸ್ನಾಯುರಜ್ಜುಗಳು ಮೈತೂಕಕ್ಕೇ ಬೀಗ ಬಿದ್ದು ಉಗುರುಗಳನ್ನು ಕಲ್ಲಿಗೆ ಹಿಡಿಸುತ್ತವೆ. ತೂಗಿಕೊಂಡಿರಲು ಸ್ನಾಯುವಿನ ಶ್ರಮ ಬೇಕಿಲ್ಲ. ಮೈ ಚಿಕ್ಕದಾದ್ದರಿಂದ ಎದೆಗೂ ತಲೆಗೂ ನಡುವಿನ ರಕ್ತದ ಕಂಬ ಗಿಡ್ಡ. ರೆಕ್ಕೆ ಮಾತ್ರ ಅಗಲ. ಅಲ್ಲಿಗೆ ಹೋದ ರಕ್ತ ಮರಳುವುದು ಹೇಗೆ? 1852ರಲ್ಲಿ ಇಂಗ್ಲೆಂಡಿನ ಥಾಮಸ್ ವಾರ್ಟನ್ ಜೋನ್ಸ್ ಬಾವಲಿಯ ರೆಕ್ಕೆಯನ್ನು ಸೂಕ್ಷ್ಮದರ್ಶಕದಡಿ ಹಿಡಿದು ನೋಡಿದಾಗ ಅದರ ಅಭಿಧಮನಿಗಳೇ ತಾಳಬದ್ಧವಾಗಿ ಹಿಂಡಿಕೊಳ್ಳುತ್ತಿದ್ದವು, ನಿಮಿಷಕ್ಕೆ ಸುಮಾರು 10 ಬಾರಿ. ಒಳಗಿನ ಕವಾಟಗಳು ರಕ್ತವನ್ನು ಹಿಂದಕ್ಕೆ ಬಿಡುವುದಿಲ್ಲ. ಎದೆಯ ಬಡಿತಕ್ಕೂ ಈ ತಾಳಕ್ಕೂ ಸಂಬಂಧವಿಲ್ಲ. ಮರಳುವ ರಕ್ತಕ್ಕೆ ದಾರಿಯುದ್ದಕ್ಕೂ ತನ್ನದೇ ತಳ್ಳು ಸಿಗುತ್ತದೆ.

ಬಾವಲಿಯ ಎದೆಬಡಿತವೂ ಅಚ್ಚರಿಯದೇ. ಪನಾಮಾದಲ್ಲಿ ಎಲೆಗಳನ್ನು ಮಡಚಿ ಗುಡಾರ ಮಾಡುವ ಹಣ್ಣುಬಾವಲಿಗಳಿಗೆ ಪುಟ್ಟ ಪ್ರಸಾರಕ ಅಂಟಿಸಿ ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಾರುವಾಗ ಬಡಿತ ನಿಮಿಷಕ್ಕೆ 900 ಮುಟ್ಟುತ್ತದೆ. ಹಗಲು ತೂಗಿಕೊಂಡಿರುವಾಗ ಗಂಟೆಗೆ ಹಲವು ಸಲ 200ರ ಹತ್ತಿರಕ್ಕೆ ಇಳಿದು ಮತ್ತೆ ಏರುತ್ತದೆ. ಹಾಗೆ ಇಳಿದಾಗ ಶಕ್ತಿ ಉಳಿಯುತ್ತದೆ. ಬೇಕಾದಾಗ ಏರಬಲ್ಲದು ಎಂಬುದರಿಂದಲೇ ಅದಕ್ಕೆ ಅಷ್ಟು ಕೆಳಗಿಳಿಯುವ ಧೈರ್ಯ.

ನಮ್ಮ ಅಭಿಧಮನಿಗಳಿಗೆ ಬಾವಲಿಯ ತಾಳ ಇಲ್ಲ. ಕವಾಟಗಳಿವೆ, ಅವುಗಳನ್ನು ಸುತ್ತುವರಿದ ಮೀನಖಂಡವಿದೆ. ಮೀನಖಂಡ ಹಿಂಡಿದಾಗಲೆಲ್ಲ ರಕ್ತ ಒಂದು ಮೆಟ್ಟಿಲು ಮೇಲೇರುತ್ತದೆ. ಅದಕ್ಕೇ ಏಳುವ ಮುಂಚೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ಮುಷ್ಟಿ ಬಿಗಿಯುವುದು, ಮೊದಲು ಬಾಕ್ಸಿನ ಮೇಲೆ ಕೂತು ಆಮೇಲೆ ನಿಲ್ಲುವುದು ಇವೆಲ್ಲ ಕೆಲಸ ಮಾಡುತ್ತವೆ. ರಾಗಿ ಅಂಬಲಿ, ಉಪ್ಪು ಹಾಕಿದ ನೀರುಮಜ್ಜಿಗೆಯೂ ಬೆವರಿದ ಮೈಗೆ ಒಳ್ಳೆಯದು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರ ಮಾತು ಕೇಳಬೇಕು.

ಎದೆ ನಿಧಾನವಾಗಿದ್ದು, ನಿಂತಾಗಲೂ ಏರದೆ ಹೋದರೆ ಕಥೆ ಬೇರೆ. ಮಾಲೂರಿನ ಇಟ್ಟಿಗೆ ಗೂಡುಗಳ ಬಿಸಿಯಲ್ಲಿ ದುಡಿಯುವ ವಯಸ್ಸಾದವರಲ್ಲಿ ಬಿ.ಪಿ. ಮಾತ್ರೆ ನುಂಗುವವರಿದ್ದಾರೆ. ಅಟೆನಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಬಡಿತವನ್ನು ತಗ್ಗಿಸುತ್ತವೆ. ತಗ್ಗಿಸುವುದೇ ಅವುಗಳ ಕೆಲಸ. ಮೈಯಲ್ಲಿ ನೀರು ಕಡಿಮೆಯಾದ ದಿನ ಅದೇ ಗುಣ ತೊಡಕಾಗಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಇನ್ನೂ ಅಪಾಯ. ಥೈರಾಯ್ಡ್ ಕುಂದಿದರೂ, ಬಡಿತ ಹುಟ್ಟಿಸುವ ಅಂಗಾಂಶ ವಯಸ್ಸಿನಿಂದ ಸವೆದರೂ ನಾಡಿ ನಿಧಾನವಾಗುತ್ತದೆ.

ಇನ್ನೊಂದು ಕಾರಣ ತೋಟದಲ್ಲೇ ಇದೆ. ಬದುವಿನ ಎಕ್ಕದ ಹಾಲಿನಲ್ಲಿ, ಬೇಲಿಯ ಕಣಗಿಲೆಯಲ್ಲಿ ಎದೆಬಡಿತವನ್ನು ಕುಗ್ಗಿಸಿ ಲಯ ಕೆಡಿಸುವ ವಿಷಗಳಿವೆ. ಚಿಟ್ಟೆಗಳ ಮರಿಹುಳುಗಳು ಅವುಗಳ ಎಲೆಯನ್ನೇ ತಿಂದು ಬೆಳೆಯುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ, ನಾಟಿ ಮದ್ದೆಂದು ನುಂಗಲೇಬಾರದು. ಟೊಮೆಟೊ, ಮಾವಿಗೆ ಹೊಡೆಯುವ ಆರ್ಗನೊಫಾಸ್ಫೇಟ್ ಔಷಧ ಬೇರೆ ದಾರಿಯಿಂದ ಅದೇ ಜಾಗಕ್ಕೆ ಮುಟ್ಟುತ್ತದೆ. ಎದೆಯನ್ನು ತಗ್ಗಿಸುವ ನರದ ಸಂದೇಶ ಅಳಿಸಿಹೋಗದಂತೆ ಅದು ತಡೆಯುತ್ತದೆ. ಹೊಡೆದು ಬಂದವರಿಗೆ ತಲೆಸುತ್ತಿನ ಜೊತೆ ಬಾಯಲ್ಲಿ ನೀರೂರುವುದು, ವಿಪರೀತ ಬೆವರು, ಕಣ್ಣುಪಾಪೆ ಚುಕ್ಕಿಯಾಗುವುದು ಕಂಡರೆ ಅದು ಬಿಸಿಲಿನ ಆಯಾಸವಲ್ಲ. ಬಟ್ಟೆ ಬಿಚ್ಚಿಸಿ, ಸೋಪಿನಿಂದ ಮೈ ತೊಳೆದು, ಔಷಧದ ಡಬ್ಬಿಯ ಸಮೇತ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಟ್ರೊಪಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ.

ಉಳಿದವರಿಗೆ ಆತುರವಿಲ್ಲ, ತಾಳ್ಮೆ ಬೇಕು. ಐದು ನಿಮಿಷ ಮಲಗಿ, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಎದ್ದು ನಿಂತು ಒಂದನೆಯ ನಿಮಿಷಕ್ಕೆ, ಮೂರನೆಯ ನಿಮಿಷಕ್ಕೆ ಮತ್ತೆ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಬಡಿತ ಸಮನಾಗಿದೆಯೋ, ನಡುವೆ ತಪ್ಪುತ್ತದೆಯೋ ಬರೆದುಕೊಳ್ಳಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ.ಯನ್ನೂ ಇದೇ ಕ್ರಮದಲ್ಲಿ ಅಳೆಯಲು ಕೇಳಿ: ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಅದಕ್ಕೆ ಕಾರಣ ಹುಡುಕಬೇಕು. ಎಚ್ಚರ ತಪ್ಪಿ ಬಿದ್ದಿದ್ದರೆ, ಎದೆನೋವು, ಏದುಸಿರು ಇದ್ದರೆ ಈ ಎಣಿಕೆಗೂ ಕಾಯದೆ ಇ.ಸಿ.ಜಿ. ಮಾಡಿಸಲು ಹೊರಡಿ. ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಯನ್ನೂ, ಬರೆದಿಟ್ಟ ಚೀಟಿಯನ್ನೂ ಜೇಬಿನಲ್ಲಿಟ್ಟುಕೊಳ್ಳಿ.